ಅತ್ತೆಯ ಬಲಭುಜ

ಮಾರ್ಚ್ ೩, ಸೋಮವಾರ

ಇವಳು ಬೆಳಿಗ್ಗೆ ರೈಲು ಹತ್ತಿದಳು. ಬ್ಯಾಂಕಿನವರ ತರಬೇತಿಯಂತೆ, ಇಡೀ ತಿಂಗಳು. ಹೊರಡುವಾಗ ನನ್ನನ್ನು ಪಕ್ಕಕ್ಕೆ ಕರೆದು, ಅಮ್ಮನ ಜೊತೆ ಜಗಳ ಆಡಬೇಡಿ ಎಂದಳು. ಜಗಳ ಆಡಬೇಕಾದರೆ ಮೊದಲು ಮಾತಾಡಬೇಕಲ್ಲ. ನಾನೂ ಅತ್ತೆಯವರೂ ಮದುವೆಯಾದಾಗಿನಿಂದ ಮುಖ ಕೊಟ್ಟು ಮಾತಾಡಿದ್ದೇ ಇಲ್ಲ ಅನ್ನಬೇಕು. ನಡುವೆ ಇವಳಿದ್ದಳು. ಅಮ್ಮಾ, ಇವರಿಗೆ ಟೀ ಬೇಕಂತೆ. ರೀ, ಅಮ್ಮನಿಗೆ ಫ್ಯಾನ್ ಗಾಳಿ ಆಗಲ್ವಂತೆ. ಹೀಗೆ ಅಂಚೆಯವಳ ಹಾಗೆ ಆ ಕೋಣೆಯದನ್ನು ಈ ಕೋಣೆಗೆ ಮುಟ್ಟಿಸುತ್ತಿದ್ದಳು. ಈಗ ಅಂಚೆ ಬಂದ್ ಆಗಿದೆ.

ಕೆಲಸ ಹಿಡಿದರೆ ನಾನು ಊಟ ಮರೆಯುತ್ತೇನೆ ಎಂದು ಅವರನ್ನು ಊರಿಂದ ಕರೆಸಿದ್ದಾಳೆ. ಮರೆಯುವುದು ನಿಜ. ವೈದ್ಯಕೀಯ ಪುಸ್ತಕಗಳಿಗೆ ದೇಹದ ಚಿತ್ರ ಬರೆಯುವುದು ನನ್ನ ಕಸುಬು. ಈಗ ಕೈಯಲ್ಲಿರುವುದು ಭುಜ ಮತ್ತು ತೋಳಿನ ಅಧ್ಯಾಯ. ಇದು ಒಪ್ಪಿಗೆಯಾದರೆ ನೆತ್ತಿಯಿಂದ ಹಿಮ್ಮಡಿಯವರೆಗೆ ಇಡೀ ಪುಸ್ತಕ ನನ್ನದು. ಇಲ್ಲವಾದರೆ ಕಂಪ್ಯೂಟರಿನಲ್ಲಿ ದೇಹ ತಯಾರಿಸುವ ಒಂದು ಕಂಪನಿಗೆ ಹೋಗುತ್ತದೆ. ಪುಸ್ತಕ ಬರೆಯುತ್ತಿರುವ ಪ್ರೊಫೆಸರಮ್ಮ ಇದನ್ನು ಮುಚ್ಚುಮರೆಯಿಲ್ಲದೆ ಹೇಳಿದ್ದಾರೆ. ಆ ಕಂಪನಿಯ ದೇಹಗಳನ್ನು ನಾನು ನೋಡಿದ್ದೇನೆ. ಎಲ್ಲರೂ ಮೈಗೆ ಇಸ್ತ್ರಿ ಹಾಕಿಸಿಕೊಂಡು ಬಂದವರಂತೆ ನಿಂತಿರುತ್ತಾರೆ. ಅವುಗಳ ಎದುರು ಸೋತರೆ ನಾನು ಪೆನ್ಸಿಲ್ ಎತ್ತಿಟ್ಟು ಬೇರೆ ಏನಾದರೂ ನೋಡಿಕೊಳ್ಳಬೇಕು.

ಸಂಜೆ ಅತ್ತೆಯವರು ನನ್ನ ಕೋಣೆಯ ಬಾಗಿಲಲ್ಲಿ ನಿಂತು, ಊಟ ಬಡಿಸಿದೆ ಅಂತ ಹೇಳು ಎಂದು ಬೆಕ್ಕಿಗೆ ಹೇಳಿದರು. ಬೆಕ್ಕು ಹೇಳಲಿಲ್ಲ. ಆದರೂ ಎದ್ದು ಹೋದೆ.

ಮಾರ್ಚ್ ೫, ಬುಧವಾರ

ನನ್ನ ಮನೆಯಲ್ಲಿ ನಾನೇ ಪರದೇಶಿ. ಅಡುಗೆಮನೆಯ ಮೇಲಿನ ಹಲಗೆಯಲ್ಲಿದ್ದ ಡಬ್ಬಿಗಳೆಲ್ಲ ಕೆಳಗಿಳಿದಿವೆ. ಸಕ್ಕರೆ ಸಿಂಕಿನ ಅಡಿಯಲ್ಲಿ, ಟೀ ಪುಡಿ ಪೊರಕೆಯ ಪಕ್ಕ, ಬಿಸ್ಕತ್ತು ನೆಲದ ಮೇಲೆ. ಒಗೆದ ಬಟ್ಟೆ ಹಿತ್ತಿಲ ತಂತಿಗೆ ಏರಿಲ್ಲ, ಊಟದ ಕುರ್ಚಿಗಳ ಬೆನ್ನಿಗೆ ನೇತುಬಿದ್ದು ತೊಟ್ಟಿಕ್ಕುತ್ತಿದೆ. ಬಂದು ಮೂರು ದಿನವಾಗಿಲ್ಲ, ಆಗಲೇ ದರ್ಬಾರು. ಕೇಳಿದರೆ ಇವಳಿಗೆ ಫೋನ್ ಹೋಗುತ್ತದೆ. ಅದಕ್ಕೇ ತುಟಿ ಪಿಟಕ್ಕೆನ್ನದೆ ನೆಲದ ಮೇಲೆ ಕೂತು ಬಿಸ್ಕತ್ತು ತಿಂದೆ.

ಕೆಲಸದ ತಲೆನೋವು ಬೇರೆ. ಪುಸ್ತಕಕ್ಕೆ ಜೀವಂತ ಭುಜ ಬೇಕು: ಚರ್ಮದ ಕೆಳಗೆ ಯಾವ ಮೂಳೆ ಎಲ್ಲಿದೆ, ಯಾವ ಸ್ನಾಯು ಯಾವಾಗ ಏಳುತ್ತದೆ ಎಂದು ಕಾಣುವಂಥದ್ದು. ಜಿಮ್ಮಿನಿಂದ ಒಬ್ಬ ಪೈಲ್ವಾನನನ್ನು ಕರೆಸಿದ್ದೆ. ಅವನ ಮೈಯಲ್ಲಿ ಎಲ್ಲ ಊದಿಕೊಂಡು ಮೂಳೆಗೆ ಜಾಗವೇ ಇಲ್ಲ. ಕಾಲರ್ ಬೋನ್ ಹುಡುಕಲು ನಾನೂ ಅವನೂ ಸೇರಿ ಅರ್ಧ ಬೆಳಗು ಕಳೆದೆವು. ಸಿಕ್ಕಿತು ಅನ್ನುವಷ್ಟರಲ್ಲಿ ಅವನು ಉಸಿರು ಬಿಗಿಹಿಡಿದು ಮತ್ತೆ ಮುಚ್ಚಿಬಿಟ್ಟ. ಬಸ್ಸಿನ ಖರ್ಚು ಕೊಟ್ಟು ಕಳಿಸಿದೆ.

ಮಾರ್ಚ್ ೬, ಗುರುವಾರ

ಇಂದು ಬೆಳಿಗ್ಗೆ ಅತ್ತೆಯವರು ಬ್ರೆಡ್ಡಿಗೆ ಹಿಟ್ಟು ನಾದುತ್ತಿದ್ದರು. ಜೀವನವಿಡೀ ಬೇಕರಿಯಲ್ಲಿ ದುಡಿದವರು, ಈಗಲೂ ಅವರ ಊರಿನ ಬೇಕರಿಯ ಬೆಳಗಿನ ಹಿಟ್ಟು ಅವರದೇ ಕೈಯದ್ದು. ನಾನು ನೀರು ಕುಡಿಯಲು ಹೋದವನು ಲೋಟ ಹಿಡಿದು ನಿಂತುಬಿಟ್ಟೆ. ಏನು ರಟ್ಟೆ ಅದು. ಕೊಬ್ಬಿನ ಹೆಸರಿಲ್ಲ, ಚರ್ಮ ಸಿಗರೇಟು ಪೆಟ್ಟಿಗೆಯ ಕಾಗದದಷ್ಟು ತೆಳು, ಮುಂಗೈಯ ಒಂದೊಂದು ಸ್ನಾಯುವೂ ಹಾಜರಿ ಕೂಗಿದರೆ ಎದ್ದು ನಿಲ್ಲುವ ಹಾಗಿದೆ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು, ಇಡೀ ಮೈಯ ಭಾರ ಹಾಕಿ ನಾದುವ ರೀತಿಯೇ ಬೇರೆ. ಇಂಥ ತೋಳು ಇಷ್ಟು ವರ್ಷ ನನ್ನದೇ ಮನೆಗೆ ಬಂದು ಹೋಗುತ್ತಿದ್ದರೂ ನನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂದು ಹೊಟ್ಟೆ ಉರಿಯಿತು.

ಕೇಳುವುದು ಹೇಗೆ? ನಿಮ್ಮ ಭುಜ ಕೊಡಿ ಅನ್ನುವ ಮಾತನ್ನು ಬೆಕ್ಕಿನ ಮೂಲಕ ಕೇಳಲಾಗದು. ಇವಳಿಗೆ ಫೋನ್ ಮಾಡಿದೆ. ಮೊದಲು ನಕ್ಕಳು, ಆಮೇಲೆ ಪಕ್ಕದವರಿಗೆ ಹೇಳಿ ಅವರನ್ನೂ ನಗಿಸಿದಳು, ಆಮೇಲೆ ಅಮ್ಮನಿಗೆ ಫೋನ್ ಕೊಡಿ ಎಂದಳು. ಪಕ್ಕದ ಕೋಣೆಯ ಷರತ್ತುಗಳು ಇವಳಿರುವ ಊರಿಗೆ ಹೋಗಿ, ಅಲ್ಲಿಂದ ಇವಳ ಬಾಯಲ್ಲಿ ನನಗೆ ಬಂದವು. ಬೇಕರಿಯ ಒಲೆ ಮುಂದೆ ಹಾಕುತ್ತಿದ್ದ ತೋಳಿಲ್ಲದ ಬನಿಯನ್ ಹಾಕಿಕೊಳ್ಳುವರಂತೆ. ಗೋಡೆಗೆ ಮುಖ ಮಾಡಿ ಕೂರುವರಂತೆ. ಎಡಗೈ ಬರೆದುಕೊಳ್ಳಬೇಕಂತೆ, ಬಲಗೈಗೆ ಮನೆಕೆಲಸವಿದೆ.

ನಮ್ಮ ಪುಸ್ತಕಗಳಲ್ಲಿ ಬಲಗೈಯೇ ಆಗಬೇಕು, ಅದು ರೂಢಿ. ನಾನು ಪಟ್ಟು ಹಿಡಿದೆ. ಎಡಗೈ ಸಾಲದೇ ಎಂದು ಇನ್ನೊಂದು ಸಲ ಕೇಳಿಸಿದರು. ಕೊನೆಗೆ, ಹಾಗೇ ಆಗಲಿ ಅಂದರಂತೆ.

ಮಾರ್ಚ್ ೯, ಭಾನುವಾರ

ಮೊದಲ ಬೈಠಕ್. ಅತ್ತೆಯವರು ಗೋಡೆಯ ಕಡೆ, ನಾನು ಅವರ ಬೆನ್ನಿನ ಕಡೆ. ವಿಚಿತ್ರವೆಂದರೆ, ಮುಖ ಕಾಣದಿದ್ದರೆ ಅವರಿಗೆ ಮಾತು ಬರುತ್ತದೆ. ಬೇಕರಿಯ ಮಾಲೀಕ ಎಂಥ ಜಿಪುಣ, ಇಲಿ ಹಿಡಿಯಲು ತಂದ ಬೆಕ್ಕಿಗೆ ಹೇಗೆ ಬೆಣ್ಣೆಯ ಚಟ ಹತ್ತಿತು, ತೂಕದ ಕಲ್ಲು ಕಳೆದಾಗ ಮಾಲೀಕ ತನ್ನ ಚಪ್ಪಲಿಯನ್ನೇ ಹೇಗೆ ತಕ್ಕಡಿಗೆ ಹಾಕಿದ, ಎಲ್ಲ ಕೇಳಿದೆ. ಚಪ್ಪಲಿಯ ಕಥೆಗೆ ನಾನು ನಕ್ಕಾಗ ಅವರು ಥಟ್ಟನೆ ನಿಲ್ಲಿಸಿದರು.

"ನಾನು ಗೋಡೆಗೆ ಹೇಳ್ತಿದ್ದೆ" ಎಂದರು.

ಗೋಡೆಗೂ ನಗು ಬಂತು ಎಂದೆ. ಆಮೇಲೆ ಇನ್ನೊಂದು ಕಥೆ ಹೇಳಿದರು.

ಭುಜದ ಹಿಂಭಾಗ ಅದ್ಭುತವಾಗಿ ಬಂದಿದೆ. ಬೆನ್ನಿನ ರೆಕ್ಕೆ ಮೂಳೆಯ ಮೇಲೆ ಅಡ್ಡಕ್ಕೆ, ಸಣ್ಣ ದಿಣ್ಣೆಯ ಹಾಗೆ, ಒಂದು ಏಣು ಇರುತ್ತದೆ. ಅವರದ್ದು ಎಷ್ಟು ಸ್ಪಷ್ಟವಾಗಿದೆ ಎಂದರೆ ಅದರ ಮೇಲ್ಗಡೆಯ ಗುಂಡಿಯಲ್ಲಿ ಒಂದು ನಿಂಬೆಹಣ್ಣು ಇಡಬಹುದು. ಜಿಮ್ಮಿನವನಿಗೆ ಏಳು ಜನ್ಮಕ್ಕೂ ಇಂಥ ಗುಂಡಿ ಸಿಗುವುದಿಲ್ಲ. ಅದರ ನೆರಳಿಗೆ ಇಡೀ ಮಧ್ಯಾಹ್ನ ಕೊಟ್ಟೆ.

ಮಾರ್ಚ್ ೧೧, ಮಂಗಳವಾರ

ಕೈ ಎತ್ತುವ ಚಿತ್ರಗಳು. ಪಕ್ಕದಿಂದ ಮೇಲಕ್ಕೆ ಹಂತಹಂತವಾಗಿ ಎತ್ತಬೇಕು, ನಾನು ಪ್ರತಿ ಹಂತ ಬರೆಯಬೇಕು. ಅತ್ತೆಯವರು ಕೈ ಎತ್ತುವ ಶೈಲಿ ನೋಡಬೇಕು: ಮೊದಲು ಹೆಗಲು ಕಿವಿಯ ಕಡೆ ಏರುತ್ತದೆ, ಆಮೇಲೆ ತೋಳು ರಾಣಿಯ ಹಿಂದೆ ದಾಸಿ ಬಂದ ಹಾಗೆ ಬರುತ್ತದೆ. ಬಹಳ ಗತ್ತು. ಆದರೆ ಒಂದೇ ಭಂಗಿಯಲ್ಲಿ ನಿಲ್ಲಲು ಒಲ್ಲರು. ಬೇಗ ಬೇಗ ಎಂದು ಅವಸರ, ನಡುನಡುವೆ ಕೈ ಇಳಿಸುವುದು, ಟೀ ಕುಡಿಯೋಣ ಅನ್ನುವುದು. ಹಣೆಯಲ್ಲಿ ಬೆವರು ಬೇರೆ. ಒಲೆಯ ಮುಂದೆ ಜೀವನ ಕಳೆದವರಿಗೆ ನನ್ನ ಕೋಣೆಯ ಸೆಖೆ ಒಂದು ಸೆಖೆಯೇ? ಪ್ರಾಯ ಆಯಿತು, ಅಷ್ಟೇ.

ಕೊನೆಗೆ ಮೊಣಕೈಯ ಕೆಳಗೆ ನಿಘಂಟುಗಳನ್ನು ಪೇರಿಸಿ ಒತ್ತಾಸೆ ಮಾಡಿದೆ. ಅವರು ಉಸಿರು ಬಿಟ್ಟು, ಇದೊಂದು ಒಳ್ಳೇ ಕೆಲಸ ಮಾಡಿದ್ರಿ ಎಂದರು. ಗೋಡೆಗಲ್ಲ, ನನಗೇ.

ಮಾರ್ಚ್ ೧೪, ಶುಕ್ರವಾರ

ಹಾಳೆಗಳು ಪ್ರೊಫೆಸರಮ್ಮನಿಗೆ ಹೋದವು. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಅತ್ತೆಯವರೂ ಕಳಿಸುವ ಮೊದಲು ಒಂದೊಂದನ್ನೂ ನೋಡಿದರು. ಬೆನ್ನಿನ ಚಿತ್ರವನ್ನು ಮಾತ್ರ ಬಹಳ ಹೊತ್ತು ಹಿಡಿದುಕೊಂಡಿದ್ದರು. ತಮ್ಮ ಬೆನ್ನನ್ನು ತಾವೇ ನೋಡಿದವರು ಎಷ್ಟು ಜನ ಇದ್ದಾರು. ಖುಷಿಯಾಗಿರಬೇಕು.

ಮಾರ್ಚ್ ೧೯, ಬುಧವಾರ

ಪ್ರೊಫೆಸರಮ್ಮನ ಫೋನ್. ಗೆರೆ ಚೆನ್ನಾಗಿದೆ, ನೆರಳು ಚೆನ್ನಾಗಿದೆ, ಭುಜವೇ ತಪ್ಪಾಗಿದೆ ಎಂದರು.

ರೆಕ್ಕೆ ಮೂಳೆಯ ಏಣಿನ ಮೇಲ್ಗಡೆ ಗುಂಡಿ ಇರಬಾರದಂತೆ. ಅಲ್ಲೊಂದು ಸ್ನಾಯು ತುಂಬಿಕೊಂಡಿರಬೇಕಂತೆ. ಕೈ ಎತ್ತುವಾಗ ತೋಳು ಮೊದಲು ಹೊರಟು ಹೆಗಲು ಹಿಂಬಾಲಿಸಬೇಕು, ನನ್ನ ಚಿತ್ರದಲ್ಲಿ ಎಲ್ಲ ಉಲ್ಟಾ. "ನಾನು ಕೈ ಎತ್ತೋ ಚಿತ್ರ ಕೇಳಿದ್ದೆ. ನೀವು 'ನನಗೇನು ಗೊತ್ತು' ಅಂತ ಹೆಗಲು ಹಾರಿಸೋ ಚಿತ್ರ ಕಳಿಸಿದೀರಿ" ಎಂದರು. ಸರಿಮಾಡಿ ಕಳಿಸದಿದ್ದರೆ ಕಂಪನಿಯವರನ್ನು ಕೇಳಬೇಕಾಗುತ್ತದೆ ಎಂದೂ ಸೇರಿಸಿದರು.

ನನಗೆ ಮೈಯೆಲ್ಲ ಉರಿದುಹೋಯಿತು. ಕಣ್ಣಿಗೆ ಬೀಳದ್ದನ್ನು ನಾನು ಬರೆಯುವವನಲ್ಲ. ಆ ಗುಂಡಿ ಅಲ್ಲಿದೆ, ಬೇಕಾದರೆ ಭುಜವನ್ನೇ ಕರೆತಂದು ನಿಮ್ಮ ಮುಂದೆ ನಿಲ್ಲಿಸುತ್ತೇನೆ ಎಂದೆ. ತನ್ನಿ ಎಂದರು.

ಅತ್ತೆಯವರಿಗೆ ಹೇಳಿದಾಗ ಅವರು ಸೊಪ್ಪು ಹಾಕಲಿಲ್ಲ. ಗುಂಡಿಯನ್ನು ಸ್ವಲ್ಪ ತುಂಬಿಸಿ ಬರೆದರೆ ಯಾರು ಕೇಳುತ್ತಾರೆ ಎಂದರು. ಹಿಟ್ಟು ಉಬ್ಬದ ದಿನ ಅವರೂ ಒಂದು ಚಿಟಿಕೆ ಸೋಡಾ ಹಾಕುತ್ತಿದ್ದರಂತೆ, ತಿಂದವರು ಯಾರೂ ಸತ್ತಿಲ್ಲವಂತೆ. ಚಿತ್ರಕ್ಕೂ ಬ್ರೆಡ್ಡಿಗೂ ಇರುವ ವ್ಯತ್ಯಾಸದ ಬಗ್ಗೆ ನಾನೊಂದು ಭಾಷಣ ಬಿಗಿದೆ. ಅವರು ಪೂರ್ತಿ ಕೇಳಿ, ಕೈಯಲ್ಲಿದ್ದ ಬಟ್ಟೆಯನ್ನು ಮಡಿಸುತ್ತ ಕೂತರು.

"ಆ ಕೆಲಸ ಕೈಬಿಟ್ರೆ ನಿಮಗೆ ತುಂಬಾ ಕಷ್ಟವಾ?" ಎಂದು ಕೇಳಿದರು.

ಕೆಲಸ ಹೋದರೆ ಇನ್ನೊಂದು ಸಿಗಬಹುದು, ಸುಳ್ಳು ಬರೆದ ಅನ್ನಿಸಿಕೊಂಡರೆ ನನ್ನನ್ನು ಯಾರು ಕರೆಯುತ್ತಾರೆ ಎಂದೆ.

"ಹಾಗಿದ್ರೆ ನಾಳೆ ನಡೀರಿ. ಹೋಗಿ ತೋರಿಸೋಣ."

ಮುಖ ಸಪ್ಪಗಿತ್ತು. ಬಸ್ಸಿನ ಪ್ರಯಾಣ ಅವರಿಗೆ ಆಗುವುದಿಲ್ಲ ಎಂದು ಇವಳು ಹೇಳಿದ್ದು ನೆನಪಾಯಿತು. ಟ್ಯಾಕ್ಸಿಗೆ ಹೇಳಿದ್ದೇನೆ.

ಮಾರ್ಚ್ ೨೦, ಗುರುವಾರ

ನಾನು ಗೆದ್ದೆ.

ಪ್ರೊಫೆಸರಮ್ಮನ ಕೋಣೆಯಲ್ಲಿ ಒಂದು ಅಸ್ಥಿಪಂಜರ ಇದೆ, ಅದರ ಹೆಗಲಿಗೆ ಅವರ ಛತ್ರಿ ನೇತುಹಾಕಿದ್ದಾರೆ. ಅತ್ತೆಯವರು ಅದಕ್ಕೆ ಬೆನ್ನು ತಿರುಗಿಸಿ ನಿಂತರು. ಪ್ರೊಫೆಸರಮ್ಮ ಹೆಬ್ಬೆರಳಿನಿಂದ ಆ ಗುಂಡಿ ಮುಟ್ಟಿ ನೋಡಿದರು. ಕೈ ಪಕ್ಕಕ್ಕೆ ಚಾಚಲು ಹೇಳಿ, ಮೇಲಿಂದ ಒಂದೇ ಬೆರಳಿನಲ್ಲಿ ಒತ್ತಿದರು. ಮೂಟೆ ಮೂಟೆ ಹಿಟ್ಟು ನಾದಿದ ಆ ಕೈ ಒಂದು ಬೆರಳಿಗೆ ದೊಪ್ಪೆಂದು ಬಿದ್ದುಹೋಯಿತು.

ಪ್ರೊಫೆಸರಮ್ಮ ನನ್ನ ಕಡೆ ತಿರುಗಿದರು. "ಕ್ಷಮಿಸಿ. ನಿಮ್ಮ ಚಿತ್ರ ಸರಿಯಾಗೇ ಇದೆ. ನೀವು ಬರೆದಿರೋದು ಹರಿದುಹೋದ ಸ್ನಾಯು."

ಕೈ ಎತ್ತುವ ಕೆಲಸ ಶುರುಮಾಡಿಕೊಡುವ ಸ್ನಾಯುವಂತೆ ಅದು. ಅದರ ಎಳೆ ಮೂಳೆಯಿಂದ ಕಿತ್ತುಬಂದಿದೆ, ಕೆಲಸವಿಲ್ಲದೆ ಅದು ಸೊರಗಿ ಅಲ್ಲಿ ಗುಂಡಿಯಾಗಿದೆ. ತೋಳು ತಾನಾಗಿ ಏಳದೆ ಇಡೀ ಹೆಗಲು ಅದನ್ನು ಹೊತ್ತು ಮೇಲೆತ್ತುತ್ತಿದೆ. ಯಾವಾಗಿನಿಂದ ಎಂದು ಕೇಳಿದರು. ಹಿಟ್ಟಿನ ಮೂಟೆ ಜಾರಿದಾಗ ತಡೆಯಲು ಹೋಗಿ ಏನೋ ಟಪ್ ಅಂದಿತ್ತಂತೆ, ಹೋದ ವರ್ಷ. ಮತ್ತೆ ಮೇಲಿರುವ ಸಾಮಾನು ಹೇಗೆ ತೆಗೆಯುತ್ತೀರಿ ಎಂದರು.

"ನಾನು ಮೇಲೆ ಇಡೋದೇ ಇಲ್ಲ" ಎಂದರು ಅತ್ತೆ.

ನಾನು ಛತ್ರಿ ನೋಡುತ್ತ ನಿಂತೆ. ಸಕ್ಕರೆ ಡಬ್ಬಿ ನೋಡಿದ್ದೆ, ಕುರ್ಚಿಯ ಮೇಲಿನ ಬಟ್ಟೆ ನೋಡಿದ್ದೆ, ಬೆವರು ನೋಡಿದ್ದೆ. ಗುಂಡಿಯ ನೆರಳಿಗೆ ಒಂದು ಮಧ್ಯಾಹ್ನ ಕೊಟ್ಟಿದ್ದೆ. ನಾಚಿಕೆಯಾಯಿತು. ನನ್ನ ಚಿತ್ರ ತಪ್ಪಾಗಿರಲಿ ದೇವರೇ ಅಂತ ಒಬ್ಬ ಚಿತ್ರಕಾರ ಬೇಡಿಕೊಳ್ಳುವುದುಂಟೇ? ಬೇಡಿಕೊಂಡೆ.

ವಾಪಸು ಬರುವಾಗ ಟ್ಯಾಕ್ಸಿಯಲ್ಲಿ ಅವರು ಹೇಳಿದ್ದು ಒಂದೇ: ಮಗಳಿಗೆ ಹೇಳ್ಬೇಡಿ. ಹೇಳಿದರೆ ಅವಳು ಬೇಕರಿ ಬಿಡಿಸುತ್ತಾಳೆ, ಆಮೇಲೆ ಬೆಳಿಗ್ಗೆ ಏಳುವುದಾದರೂ ಯಾತಕ್ಕೆ?

ಮಾರ್ಚ್ ೨೩, ಭಾನುವಾರ

ಡಬ್ಬಿಗಳನ್ನೆಲ್ಲ ಅತ್ತೆಯ ಮೊಣಕೈ ಎತ್ತರಕ್ಕೆ ಹಲಗೆ ಹೊಡೆದು ಜೋಡಿಸಿದೆ. ಬಟ್ಟೆಯ ತಂತಿಯನ್ನು ಸೊಂಟದ ಎತ್ತರಕ್ಕೆ ಇಳಿಸಿದೆ. ಸಂಜೆ ನಾನೇ ಅದಕ್ಕೆ ಸಿಕ್ಕಿಕೊಂಡು ಬಿದ್ದೆ. ಅತ್ತೆ ಕಿಟಕಿಯಿಂದ ನೋಡಿ, ನಿಮ್ಮ ಭುಜ ಹರಿದ್ರೆ ಚಿತ್ರ ಯಾರು ಬರೀತಾರೆ ಎಂದು ಕೇಳಿದರು.

ಇವಳ ಫೋನ್ ಬಂತು. ಏನು ಸಮಾಚಾರ ಎಂದಳು. ನನಗೆ ಸುಳ್ಳು ಬರುವುದಿಲ್ಲ, ಇವಳಿಗೆ ಅದು ಗೊತ್ತು. ಫೋನ್ ಅತ್ತೆಯ ಕೈಗೆ ಕೊಟ್ಟೆ. ಅವರಿಗೆ ಚೆನ್ನಾಗಿ ಬರುತ್ತದೆ.

ಮಾರ್ಚ್ ೨೭, ಗುರುವಾರ

ಪ್ರೊಫೆಸರಮ್ಮ ಹೇಳಿದ ಸರ್ಜನ್ ಹತ್ತಿರ ಸ್ಕ್ಯಾನ್ ಮಾಡಿಸಿಕೊಂಡು ಬಂದೆವು. ಈಗಾದರೆ ಹೊಲಿಯಬಹುದಂತೆ. ಇನ್ನೂ ತಡಮಾಡಿದರೆ ಹೊಲಿಯಲು ಬಟ್ಟೆಯೇ ಉಳಿಯುವುದಿಲ್ಲ ಎಂದರು. ಪೂರ್ತಿ ಸರಿಹೋಗುತ್ತದೆ ಎಂಬ ಭರವಸೆ ಕೊಡಲಿಲ್ಲ. ಆಮೇಲೆ ವಾರಗಟ್ಟಲೆ ಕೈಯನ್ನು ಜೋಳಿಗೆಯಲ್ಲಿ ಕಟ್ಟಿಕೊಂಡಿರಬೇಕು, ತಿಂಗಳುಗಟ್ಟಲೆ ಹಿಟ್ಟು ಮುಟ್ಟುವ ಹಾಗಿಲ್ಲ.

ಅತ್ತೆ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಹೀಗೇ ನಡೆದುಕೊಂಡು ಹೋಗುತ್ತದೆ ಬಿಡಿ ಎಂದರು. ಹೋಗುವುದಿಲ್ಲ ಎಂದೆ. ನನ್ನ ಭುಜ ನನ್ನಿಷ್ಟ ಎಂದರು. ಆ ಭುಜವನ್ನು ನಿಮಗಿಂತ ಹೆಚ್ಚು ನೋಡಿದವನು ನಾನು ಎಂದೆ. ದನಿ ಏರಿತು. ಅವರ ದನಿಯೂ ಏರಿತು. ಪಕ್ಕದ ಮನೆಯವರು ಕಿಟಕಿ ತೆರೆದರು, ಮುಚ್ಚಲೇ ಇಲ್ಲ. ಊಟ ಬೇಡ ಎಂದು ನನ್ನ ಕೋಣೆಗೆ ಬಂದು ಕೂತೆ. ಸ್ವಲ್ಪ ಹೊತ್ತಿಗೆ ಅವರೂ ಬಂದು ಬಾಗಿಲಲ್ಲಿ ನಿಂತರು.

"ಪುಸ್ತಕಕ್ಕೆ ಆರೋಗ್ಯದ ಭುಜ ಬೇಕಲ್ಲ, ಅದೆಲ್ಲಿದೆ?" ಎಂದರು.

ಹುಡುಕಬೇಕು ಎಂದೆ.

"ಎಡಗಡೆದು ಚೆನ್ನಾಗೇ ಇದೆ. ಮೊದಲು ಅದನ್ನ ಬರೆದು ಮುಗಿಸು. ಆಮೇಲೆ ನಾನು ಹೋಗಿ ಕೊಯ್ಸಿಕೊಳ್ತೀನಿ. ಈಗ ಬಾ, ಊಟ ಆರಿಹೋಗ್ತಿದೆ."

ಊಟಕ್ಕೆ ಉಪ್ಪು ಜಾಸ್ತಿಯಾಗಿತ್ತು. ಹೇಳಲಿಲ್ಲ.

ಏಪ್ರಿಲ್ ೧, ಮಂಗಳವಾರ

ಎಡಗೈಯನ್ನು ಬಲಗೈ ಮಾಡಲು ಪ್ರೊಫೆಸರಮ್ಮನೇ ದಾರಿ ತೋರಿಸಿದರು: ಕನ್ನಡಿಯಲ್ಲಿ ನೋಡಿ ಬರೆಯಿರಿ ಎಂದರು. ಬೀರುವಿನ ಕನ್ನಡಿ ಕಳಚಿ ತಂದು ಗೋಡೆಗೆ ಒರಗಿಸಿದೆ. ಅತ್ತೆ ಅದರ ಮುಂದೆ ಕೂತರು. ಬೆನ್ನು ಕಾಣಲು ಹಿಂದೆ ಇನ್ನೊಂದು ಕನ್ನಡಿ ಹಿಡಿದರೆ ಎಡ ಬಲವಾಗಿ, ಬಲ ಎಡವಾಗಿ, ಮತ್ತೆ ಎಡವೇ ಆಗಿ ನನ್ನ ತಲೆ ಚಿಟ್ಟುಹಿಡಿಯಿತು. ಎದುರುಗಡೆಯಿಂದಲೇ ಶುರುಮಾಡಿದೆ.

ಈ ಸಲ ಕತ್ತೆತ್ತಿದಾಗಲೆಲ್ಲ ಅತ್ತೆಯ ಮುಖ ಕಾಣುತ್ತಿತ್ತು. ಅವರಿಗೂ ನನ್ನದು. ಬರೆಯುವಾಗ ನಾನು ನಾಲಿಗೆಯ ತುದಿ ಹೊರಗಿಟ್ಟುಕೊಳ್ಳುತ್ತೇನಂತೆ. ಅತ್ತೆ ಅದನ್ನು ನೋಡಿ ನಗುವುದು, ನಕ್ಕರೆ ಭುಜ ಅಲ್ಲಾಡುವುದು, ಭುಜ ಅಲ್ಲಾಡಿದರೆ ನಾನು ಬೈಯುವುದು. ಕೆಲಸ ಬಹಳ ನಿಧಾನ.

ಏಪ್ರಿಲ್ ೪, ಶುಕ್ರವಾರ

ಇವಳು ಬಂದಳು. ಬಾಗಿಲು ತೆರೆದಾಗ ನಾವಿಬ್ಬರೂ ಕೆನೆ ತೆಗೆಯುವ ವಿಷಯಕ್ಕೆ ವಾದ ಮಾಡುತ್ತಿದ್ದೆವು. ಇವಳು ಪೆಟ್ಟಿಗೆ ಹಿಡಿದು ನಿಂತೇ ಇದ್ದಳು, ನಾವು ವಾದ ಮುಗಿಸಿದೆವು. ಆಮೇಲೆ ವಿಷಯ ತಿಳಿದು ಇಬ್ಬರನ್ನೂ ಕೂರಿಸಿ ಚೆನ್ನಾಗಿ ಬೈದಳು. ಅಮ್ಮನಿಗೆ ಮುಚ್ಚಿಟ್ಟದ್ದಕ್ಕೆ, ನನಗೆ ಅವರ ಜೊತೆ ಸೇರಿಕೊಂಡದ್ದಕ್ಕೆ. ಮತ್ತೆ ಅಳುತ್ತ ಅಮ್ಮನ ಭುಜ ಮುಟ್ಟಿ ನೋಡಿದಳು. ಗುಂಡಿ ಅಲ್ಲಲ್ಲ, ಇನ್ನೂ ಸ್ವಲ್ಪ ಮೇಲೆ ಎಂದು ನಾನು ತೋರಿಸಿಕೊಟ್ಟೆ.

ಬೇಕರಿ ಬಿಡಬೇಕು ಎಂದು ಇವಳು ಹೇಳಿದಾಗ ನಾನು ನಡುವೆ ಬಾಯಿ ಹಾಕಿದೆ. ಕೈ ಸರಿಹೋದ ಮೇಲೆ ಅವರು ಹೋಗುತ್ತಾರೆ, ಮೂಟೆ ಎತ್ತಲು ಆ ಜಿಪುಣ ಒಬ್ಬ ಆಳು ಇಡಲಿ ಎಂದೆ. ಇವಳು ನನ್ನನ್ನೇ ನೋಡುತ್ತಿದ್ದಳು. ಅತ್ತೆ ನನ್ನ ತಟ್ಟೆಗೆ ಇನ್ನೊಂದು ತುಂಡು ಬ್ರೆಡ್ಡು ಹಾಕಿದರು.

ಏಪ್ರಿಲ್ ೭, ಸೋಮವಾರ

ಹೊಸ ಹಾಳೆಗಳು ಒಪ್ಪಿಗೆಯಾದವು. ಇಡೀ ಪುಸ್ತಕ ನನ್ನದು. ಹಳೆಯ ಹಾಳೆಗಳೂ ಬೇಕಂತೆ, ಹರಿದ ಸ್ನಾಯು ಇಷ್ಟು ಸ್ಪಷ್ಟವಾಗಿ ಯಾವ ಪುಸ್ತಕದಲ್ಲೂ ಬಂದಿಲ್ಲವಂತೆ. ಸಂತೋಷಪಡಬೇಕು. ನಾಡಿದ್ದು ಆಪರೇಷನ್. ಬೆಳಗಿನಿಂದ ಒಂದು ಗೆರೆಯನ್ನೂ ಎಳೆಯಲಾಗಿಲ್ಲ.

ಏಪ್ರಿಲ್ ೯, ಬುಧವಾರ

ಆಸ್ಪತ್ರೆಯ ಮೊಗಸಾಲೆ. ಇವಳು ಟೀ ತರಲು ಹೋಗಿದ್ದಾಳೆ.

ಒಳಗೆ ಕರೆದೊಯ್ಯುವ ಮೊದಲು ಸರ್ಜನ್ ಒಂದು ನೇರಳೆ ಬಣ್ಣದ ಪೆನ್ ಹಿಡಿದು ಬಂದರು. ಯಾವ ಭುಜ ಎಂದು ಗೊಂದಲವಾಗದಿರಲು ಅದರ ಮೇಲೆ ಬಾಣದ ಗುರುತು ಹಾಕುವುದು ಅವರ ಪದ್ಧತಿಯಂತೆ. ಅತ್ತೆ ಹಾಸಿಗೆಯಲ್ಲಿ ಹಿಂದಕ್ಕೆ ಸರಿದರು.

"ನನ್ನ ಭುಜದ ಮೇಲೆ ಗೆರೆ ಎಳೆಯೋದು ನಮ್ಮ ಅಳಿಯ" ಎಂದರು.

ಸರ್ಜನ್ ನಕ್ಕು ಪೆನ್ ನನಗೆ ಕೊಟ್ಟರು, ನೀವು ಬಾಣ ಹಾಕಿ, ಕೆಳಗೆ ನಾನು ಸಹಿ ಹಾಕುತ್ತೇನೆ ಎಂದರು. ಅತ್ತೆ ಗೋಡೆಯ ಕಡೆ ಹೊರಳಿದರು. ಅಂಗಿಯನ್ನು ಸರಿಸಿ ಪೆನ್ ಇಟ್ಟೆ. ಎಷ್ಟು ವರ್ಷದ ಕೈ ಇದು, ಕೂದಲೆಳೆಯಷ್ಟು ನರವನ್ನು ಉಸಿರು ಬಿಡದೆ ಎಳೆದ ಕೈ. ಒಂದು ಬಾಣ ಬರೆಯಲು ಬರಲಿಲ್ಲ. ಗೆರೆ ಅತ್ತ ಹೋಯಿತು, ಇತ್ತ ಬಂತು, ಬಾಲ ಒಂದು ಕಡೆ, ಮೊನೆ ಇನ್ನೊಂದು ಕಡೆ. ಸರ್ಜನ್ ಅದನ್ನು ನೋಡಿ, ಆಮೇಲೆ ನನ್ನನ್ನು ನೋಡಿ, ಸಹಿ ಹಾಕಿದರು.

"ನೆಟ್ಟಗೆ ಬಂತಾ?" ಎಂದರು ಅತ್ತೆ, ಗೋಡೆಗೆ ಮುಖ ಮಾಡಿಕೊಂಡೇ.

ಬಂತು ಎಂದೆ.

"ಹಾಗಿದ್ರೆ ಸರಿ" ಎಂದು ಕಣ್ಣು ಮುಚ್ಚಿಕೊಂಡರು. ಅವರನ್ನು ತಳ್ಳಿಕೊಂಡು ಹೋದರು. ಬಾಗಿಲು ಮುಚ್ಚಿದೆ. ಈ ಪುಟದ ಅಕ್ಷರಗಳೂ ಆ ಬಾಣದ ಹಾಗೇ ಅತ್ತಿತ್ತ ಹೋಗುತ್ತಿವೆ.